ನೈಲಾನ್ ಬಲೆ, ಪಾಲಿಪ್ರೊಪಿಲೀನ್ ಹಗ್ಗ ಹೊಂದಿಕೊಳ್ಳುತ್ತವೆಯೇ ಎಂದು ಕಂಪ್ಯೂಟರಿನಲ್ಲಿ ನೋಡಬಹುದೇ?

ಕಾರವಾರದ ಬೈತಖೋಲ ಬಂದರಿನ ಹಳೇ ನೈಲಾನ್ ಬಲೆಯನ್ನೂ ಪಾಲಿಪ್ರೊಪಿಲೀನ್ ಹಗ್ಗವನ್ನೂ ಒಟ್ಟಿಗೆ ಕರಗಿಸಬಹುದೇ, ಮೊದಲೇ ಕಂಪ್ಯೂಟರಿನಲ್ಲಿ ತಿಳಿಯಬಹುದೇ ಎಂದು ಕೇಳಿದ್ದೀರಿ. ಎಂ.ಟೆಕ್‌ನಲ್ಲಿ ನನ್ನ ಕೆಲಸ ಇದೇ ಜೋಡಿಯ ಮೇಲಿತ್ತು. ಅವು ಬೆರೆಯುವುದಿಲ್ಲ, ಅದಕ್ಕೆ ಸಿಮ್ಯುಲೇಶನ್ ಬೇಕಿಲ್ಲ. ಸುಮ್ಮನೆ ಕರಗಿಸಿ ಒತ್ತಿದ ಪಟ್ಟಿಯನ್ನು ಬಗ್ಗಿಸಿದರೆ ಬಾಳೆದಿಂಡಿನ ಹಾಗೆ ಪದರ ಬಿಟ್ಟುಕೊಳ್ಳುತ್ತಿತ್ತು.

ಕಾರಣ ಪ್ಲಾಸ್ಟಿಕ್ ಅಣುಗಳ ಸರಪಳಿಯ ಉದ್ದ. ಎರಡು ಪದಾರ್ಥಗಳು ಒಂದನ್ನೊಂದು ಎಷ್ಟು ಒಲ್ಲವು ಎಂಬುದನ್ನು ಫ್ಲೋರಿ-ಹಗಿನ್ಸ್ ಸಂಖ್ಯೆ ಹೇಳುತ್ತದೆ. ಸಣ್ಣ ಅಣುಗಳು ಬೇರ್ಪಡಲು ಅದು 2 ದಾಟಬೇಕು. ತಲಾ 1000 ಕೊಂಡಿಗಳ ಸರಪಳಿಗಳಿಗೆ 0.002 ದಾಟಿದರೆ ಸಾಕು!

ಹಾಗಾಗಿ ಸಿಮ್ಯುಲೇಶನ್ನಿಗೆ ಕೇಳಬೇಕಾದದ್ದು ಬೇರೆ: ಹೊಂದಿಸುವ ವಸ್ತು ಹಾಕಿದರೆ ಅದು ಎರಡರ ನಡುವಿನ ಗಡಿಯಲ್ಲಿ ನಿಲ್ಲುತ್ತದೆಯೇ, ಗಡಿಯ ಸೆಳೆತ ತಗ್ಗುತ್ತದೆಯೇ. ಇಲ್ಲಿ ಮಲೇಯಿಕ್ ಅನ್‌ಹೈಡ್ರೈಡ್ ಹತ್ತಿಸಿದ ಪಾಲಿಪ್ರೊಪಿಲೀನ್ ಬಳಸುತ್ತಾರೆ. ಅದು ನೈಲಾನಿನ ಅಮೀನ್ ತುದಿಗೆ ಕೂಡಿಕೊಳ್ಳುತ್ತದೆ.

ನಾನು ಬಳಸಿದ್ದು ಡಿಸಿಪೇಟಿವ್ ಪಾರ್ಟಿಕಲ್ ಡೈನಾಮಿಕ್ಸ್ ಎಂಬ ಸಿಮ್ಯುಲೇಶನ್ ವಿಧಾನ. ಹಲವು ಪರಮಾಣುಗಳನ್ನು ಒಂದು ಮಣಿ ಎಂದು ಹಿಡಿದು ಸರ ಪೋಣಿಸುವುದು. ಗ್ರೂಟ್ ಮತ್ತು ವಾರನ್ ಎಂಬ ಸಂಶೋಧಕರು 1997ರಲ್ಲಿ ಕೊಟ್ಟ ಲೆಕ್ಕದಂತೆ ಒಂದೇ ಜಾತಿಯ ಮಣಿಗಳ ನಡುವಿನ ತಳ್ಳಾಟ, ಮಾದರಿಯದೇ ಅಳತೆಯಲ್ಲಿ, 25. ಬೇರೆ ಜಾತಿಗಾದರೆ ಆ 25ರ ಮೇಲೆ ಫ್ಲೋರಿ-ಹಗಿನ್ಸ್ ಸಂಖ್ಯೆಯ ಸುಮಾರು ಮೂರೂವರೆ ಪಟ್ಟು ಕೂಡಿಸಬೇಕು. ಅದೇ ಮಾದರಿಯ ಅಳತೆಯಲ್ಲಿ ಬದಿ 20 ಇರುವ ಡಬ್ಬಿಯಲ್ಲಿ 24,000 ಮಣಿ. ಇದನ್ನು ಓಡಿಸುವ ಲ್ಯಾಂಪ್ಸ್ (LAMMPS) ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೆ ಈ ಸಾದಾ ಮಾದರಿಯಲ್ಲಿ ರಾಸಾಯನಿಕ ಕೂಡಿಕೆ ತಾನಾಗಿ ಆಗುವುದಿಲ್ಲ, ಕೂಡಿದ ಸರವನ್ನು ನೀವೇ ಹಾಕಬೇಕು.

ನಾನು ಮೊದಲ ಸಲ ಕಲಸಿದ ಸ್ಥಿತಿಯಿಂದ ಶುರುಮಾಡಿ, ಬೇಗ ನಿಲ್ಲಿಸಿ, "ಹೊಂದಿಕೊಂಡಿವೆ" ಎಂದು ಬರೆದುಬಿಟ್ಟಿದ್ದೆ. "ಎರಡು ಪದರ ಇಟ್ಟು ಶುರುಮಾಡಿ ನೋಡು" ಎಂದರು ನಮ್ಮ ಗೈಡ್. ಎರಡು ದಿನ ಓಡಿದರೂ ಗಡಿ ಕದಲಲಿಲ್ಲ. ಕಲಸಿದ್ದನ್ನೇ ಮುಂದುವರಿಸಿದಾಗ ಮೊದಲು ಚುಕ್ಕೆಗಳು, ಚುಕ್ಕೆ ಕೂಡಿ ಉಂಡೆ, ಕೊನೆಗೆ ಅವೇ ಎರಡು ಪದರ. ಉದ್ದ ಸರಗಳಿಗೆ ಬಿಡಿಸಿಕೊಳ್ಳಲು ಹೊತ್ತು ಬೇಕು. ದಯವಿಟ್ಟು ಎರಡೂ ಕಡೆಯಿಂದ ಓಡಿಸಿ, ಒಂದೇ ಸ್ಥಿತಿಗೆ ಬಂದರೆ ಮಾತ್ರ ನಂಬಿ.

ಇನ್ನೊಂದು. ನೈಲಾನಿನಲ್ಲಿ ಹೈಡ್ರೋಜನ್ ಬಂಧಗಳಿರುವುದರಿಂದ ಬರಿಯ ದ್ರಾವ್ಯತೆಯ (ದ್ರಾವಕದಲ್ಲಿ ಕರಗುವ ಗುಣದ) ಕೋಷ್ಟಕ ನೋಡಿ ಫ್ಲೋರಿ-ಹಗಿನ್ಸ್ ಸಂಖ್ಯೆ ತೆಗೆಯಬೇಡಿ, ತಪ್ಪುತ್ತದೆ.

ಕಂಪ್ಯೂಟರ್ ಹಚ್ಚುವ ಮೊದಲು ನಿಮ್ಮ ರಾಶಿಯ ಚೂರುಗಳನ್ನು ಒಂದು ಬಕೆಟ್ ಸಿಹಿನೀರಿಗೆ ಹಾಕಿ. ನೈಲಾನ್ ಮುಳುಗುತ್ತದೆ. ತೇಲಿದ್ದೆಲ್ಲ ಪಾಲಿಪ್ರೊಪಿಲೀನ್ ಅಲ್ಲ, ಬಲೆಗೆ ಬಳಸುವ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನೂ ತೇಲುತ್ತದೆ. ಅದಿದ್ದರೆ ಡಬ್ಬಿಯಲ್ಲಿ ಮೂರನೇ ಜಾತಿಯ ಮಣಿಯೂ ಬೇಕು.