ಸೇತುವೆಯ ಬುಡ ಕೊರೆದಾಗ ಕಾಂಕ್ರೀಟ್ ಸುರಿದರೆ ಸಾಕೇ?

ಪ್ರಶ್ನೆ: ಶಿರಸಿ ತಾಲ್ಲೂಕಿನ ನಮ್ಮೂರಿನಲ್ಲಿ, ಅಘನಾಶಿನಿ ಸೇರುವ ಹಳ್ಳಕ್ಕೆ ಎರಡು ಕಂಬಗಳ ಹಳೆಯ ಸೇತುವೆಯಿದೆ. ಕಳೆದ ಮಳೆಗಾಲದ ನೆರೆ ಇಳಿದ ಮೇಲೆ ಒಂದು ಕಂಬದ ಅಡಿಪಾಯ ಹೊರಗೆ ಕಾಣುತ್ತಿದೆ. ದಡದ ರೆಕ್ಕೆಗೋಡೆಯ (ಸೇತುವೆಯ ತುದಿಯಲ್ಲಿ ಮಣ್ಣು ತಡೆಯುವ ಪಕ್ಕದ ಗೋಡೆಯ) ಹಿಂದಿನ ಮಣ್ಣೂ ಕುಸಿದಿದೆ. ಕಂಬದ ಸುತ್ತ ಕಾಂಕ್ರೀಟ್ ಹಾಕಿ, ಗುಂಡಿಗೆ ಕೆಂಪು ಮಣ್ಣು ತುಂಬಿದರೆ ಸಾಕೆನ್ನುತ್ತಾರೆ. ಸರಿಯೇ?

ಉತ್ತರ: ಸಾಲದು. ಕಂಬಕ್ಕೆ ಬಡಿದ ನೀರು ಅದರ ಮೈಗುಂಟ ಕೆಳಗಿಳಿದು, ಬುಡದಲ್ಲಿ ಸುಳಿಯಾಗಿ ತಿರುಗಿ ಮರಳನ್ನು ಎತ್ತಿಕೊಂಡು ಹೋಗುತ್ತದೆ. ಕಂಬ ಅಗಲವಾದಷ್ಟೂ ಈ ಸುಳಿ ಬಲವಾಗುವುದರಿಂದ, ಸುತ್ತಲೂ ಕಾಂಕ್ರೀಟ್ ಕಟ್ಟಿ ಬುಡವನ್ನು ದಪ್ಪಗೊಳಿಸುವುದು ಕೊರೆತವನ್ನು ಹೆಚ್ಚಿಸಲೂಬಹುದು. ನೆರೆಯಲ್ಲಿ ತೇಲಿಬಂದ ಬಿದಿರುಮೆಳೆ, ಅಡಿಕೆ ಮರಗಳು ಕಂಬಕ್ಕೆ ಸಿಕ್ಕಿಕೊಂಡರೂ ಪರಿಣಾಮ ಅದೇ.

ನೆರೆ ಇಳಿಯುವಾಗ ಅದೇ ಗುಂಡಿಯಲ್ಲಿ ಸಡಿಲ ಮರಳು ತುಂಬಿಕೊಳ್ಳುತ್ತದೆ. ಆದ್ದರಿಂದ ಈಗ ಕಾಣುವ ತಳ, ನೆರೆಯ ನಡುವೆ ಇದ್ದ ತಳವಲ್ಲ. ಕಬ್ಬಿಣದ ಸಲಾಕೆ ಇಳಿಸಿ ಗಟ್ಟಿ ನೆಲ ಎಲ್ಲಿ ಸಿಗುತ್ತದೆಂದು ನೋಡಬೇಕು. ಅಡಿಪಾಯದ ಕೆಳಗೇ ಪೊಳ್ಳಾಗಿದೆಯೇ ಎಂಬುದು ಮುಖ್ಯ ಪ್ರಶ್ನೆ. ರಸ್ತೆ, ಸೇತುವೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್‌ನ ಸಂಹಿತೆಯಂತೆ, ನೆರೆಯ ಗರಿಷ್ಠ ಮಟ್ಟದಿಂದ ಅಳೆದ ಸರಾಸರಿ ಕೊರೆತದ ಆಳದ ಎರಡು ಪಟ್ಟನ್ನು ಕಂಬದ ಬಳಿಯೂ, 1.27 ಪಟ್ಟನ್ನು ದಡದ ಆಸರೆಗೋಡೆಯ ಬಳಿಯೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಳೆಯ ಸೇತುವೆಗಳ ಅಡಿಪಾಯ ಈ ಆಳಕ್ಕೆ ಇಳಿದಿರುತ್ತದೆಂಬ ಭರವಸೆಯಿಲ್ಲ. 2021ರ ಜುಲೈ ನೆರೆಯಲ್ಲಿ ಗಂಗಾವಳಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋದದ್ದು ನಮ್ಮ ಜಿಲ್ಲೆಯವರಿಗೆ ನೆನಪಿದ್ದೀತು. ಲೋಕೋಪಯೋಗಿ ಎಂಜಿನಿಯರರು ಪರಿಶೀಲಿಸುವವರೆಗೆ ಚಿರೇಕಲ್ಲು (ಜಂಬಿಟ್ಟಿಗೆ), ನಾಟಾ ಹೊತ್ತ ಲಾರಿಗಳನ್ನು ನಿಲ್ಲಿಸಿ. ಕೈಪಿಡಿಗೋಡೆಯ ಗೆರೆ ಬಾಗಿದ್ದರೆ ಎಲ್ಲ ವಾಹನಗಳನ್ನೂ ನಿಲ್ಲಿಸಬೇಕು.

ದುರಸ್ತಿಗೆ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿ ಸೂಕ್ತ. ಮರಳಚೀಲದ ಒಡ್ಡಿನಿಂದ ನೀರನ್ನು ಬದಿಗೆ ತಿರುಗಿಸಿ, ಅಡಿಪಾಯವನ್ನು ಒಮ್ಮೆಗೇ ಬಗೆಯದೆ ತುಂಡುತುಂಡಾಗಿ ತೆರೆದು, ಸಡಿಲ ಮಣ್ಣು ತೆಗೆದು, ಪೊಳ್ಳಿಗೆ ಕಾಂಕ್ರೀಟನ್ನು ಒತ್ತಡದಲ್ಲಿ ತುಂಬಬೇಕು. ಒಂದು ತುಂಡು ಗಟ್ಟಿಯಾದ ಮೇಲೆಯೇ ಮುಂದಿನದನ್ನು ತೆರೆಯಬೇಕು. ಬಂಡೆ ಹತ್ತಿರದಲ್ಲೇ ಸಿಕ್ಕರೆ ಅದಕ್ಕೆ ಸರಳು ಕಟ್ಟಿ ಹಿಡಿಸುವುದು ಒಳ್ಳೆಯದು. ಸಿಗದಿದ್ದರೆ, ಸೇತುವೆಯಡಿ ಗಟ್ಟಿ ನೆಲಹಾಸು ಹಾಕಿ, ಮೇಲ್‌ಹರಿವಿನ ಅಂಚಿನಲ್ಲಿ ಸುಮಾರು 2 ಮೀಟರ್, ಕೆಳಹರಿವಿನ ಅಂಚಿನಲ್ಲಿ 2.5 ಮೀಟರ್ ಆಳದ ತಡೆಗೋಡೆ ಇಳಿಸುವ ರೂಢಿಯಿದೆ. ಅದರಾಚೆ 1 ಮೀಟರ್ ದಪ್ಪದ ಕಲ್ಲಿನ ಹಾಸು ಬೇಕು. ತಳ ಕೊರೆದಂತೆ ಈ ಸಡಿಲ ಹಾಸು ತಾನೂ ಕುಸಿದು ಗುಂಡಿಯ ಇಳಿಜಾರನ್ನು ಮುಚ್ಚುತ್ತದೆ. ಅಂಚಿನಾಚೆಯೂ ಗಟ್ಟಿ ಕಾಂಕ್ರೀಟ್ ಹಾಸಾದರೆ ಅಡಿಯ ಮಣ್ಣು ಹೋದರೂ ಮೇಲಿನಿಂದ ಸುಳಿವು ಸಿಗುವುದಿಲ್ಲ.

ಕಲ್ಲುಗಳು 40 ಕಿಲೋಗಿಂತ ಕಡಿಮೆಯಿರಬಾರದು. ನೀರಿನ ವೇಗ ಎರಡು ಪಟ್ಟಾದರೆ ಅದೇ ಜಾಗದಲ್ಲಿ ನಿಲ್ಲಲು ಬೇಕಾದ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ. ಇಲ್ಲಿ ಚಿರೇಕಲ್ಲು ಬೇಡ, ಗಟ್ಟಿ ಶಿಲೆಗಲ್ಲನ್ನೇ ಬಳಸಿ. ಕಲ್ಲಿನಡಿ ಜಲ್ಲಿಯ ಸೋಸುಪದರ ಅಥವಾ ಜಿಯೋಟೆಕ್ಸ್‌ಟೈಲ್ ಬಟ್ಟೆ ಇಲ್ಲದಿದ್ದರೆ ಮಣ್ಣು ಸಂದುಗಳಿಂದ ನುಸುಳಿ ಹೋಗಿ ಕಲ್ಲುಗಳು ಒಂದೊಂದಾಗಿ ಹೂತುಹೋಗುತ್ತವೆ. ನಮ್ಮ ಕಡೆ ಅಂದಾಜುಪಟ್ಟಿಯಿಂದ ಮೊದಲು ಬಿಟ್ಟುಹೋಗುವುದು ಈ ಪದರವೇ.

ರೆಕ್ಕೆಗೋಡೆಯ ಹಿಂದೆ ಬರೀ ಕೆಂಪು ಮಣ್ಣು ಸುರಿಯಬೇಡಿ. ನೆರೆ ಬೇಗನೆ ಇಳಿದಾಗ ಹೊರಗಿನ ನೀರಿನ ಒತ್ತಡ ಇಲ್ಲವಾಗಿ, ಒಳಗೆ ನೆನೆದ ಮಣ್ಣು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಗೆ ತಾಗಿ ಜಲ್ಲಿ, ಗೋಡೆಯಲ್ಲಿ ನೀರು ಬಸಿಯುವ ತೂತುಗಳು, ಹಿಂದೆ ಪದರಪದರವಾಗಿ ದಮ್ಮಸು ಮಾಡಿದ ಮಣ್ಣು ಇರಲಿ. ರಸ್ತೆಯ ನೀರು ಆ ಮೂಲೆಗೆ ಇಳಿಯದಂತೆ ಚರಂಡಿಯನ್ನು ದೂರ ಹರಿಸಿ. ಹೊಳೆಯ ಬುಡದಿಂದ ಮರಳು ತೆಗೆಯುವುದು ನಿಲ್ಲದಿದ್ದರೆ ಇದಾವುದೂ ಬಾಳಿಕೆ ಬಾರದು.

ಪ್ರಶ್ನೆ: ಕುಮಟಾದ ಗಜನಿ (ಅಳಿವೆಯ ಉಪ್ಪುನೀರಿನ ಗದ್ದೆ) ಕಟ್ಟೆ ಭರತದ (ಉಬ್ಬರದ) ನೀರಿಗೆ ಕೊರೆಯುತ್ತಿದೆ. ಗಿಡ ನೆಟ್ಟರೆ ನಿಲ್ಲುವುದೇ?

ಉತ್ತರ: ಕಟ್ಟೆಯ ಹೊರಗಿನ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಬೆಳೆದರೆ ಅಲೆಯ ಹೊಡೆತ ತಗ್ಗುತ್ತದೆ. ಆದರೆ ಅದು ಬೇರೂರುವವರೆಗೆ ಬುಡಕ್ಕೆ ಕಲ್ಲಿನ ಆಸರೆ ಬೇಕು, ಅದರ ಹಿಂದೆ ಸೋಸುಪದರವೂ ಬೇಕು. ಏಡಿ ಬಿಲಗಳನ್ನು ಪ್ರತಿ ಬೇಸಿಗೆಯಲ್ಲಿ ಅಗೆದು ಜೇಡಿಮಣ್ಣು ತುಂಬಿ ಗುದ್ದಬೇಕು. ಕಟ್ಟೆ ಒಳಗಿನಿಂದ ಒಡೆಯುವುದು ಹೆಚ್ಚಾಗಿ ಅಲ್ಲಿಂದಲೇ.