ಬ್ಯಾಂಕ್ ಅಂದ್ರೆ ದುಡ್ಡೋ, ದಂಡೆಯೋ?

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಅವಳ ಇಂಗ್ಲಿಷ್ ಪಾಠದಲ್ಲಿ ಒಬ್ಬ ಹುಡುಗ ನದಿಯ ‘ಬ್ಯಾಂಕ್’ನಲ್ಲಿ ಕೂತಿದ್ದಾನೆ. ‘ನದಿಗೂ ಬ್ಯಾಂಕ್ ಉಂಟಾ ಅಪ್ಪ?’ ಅಂತ ಕೇಳಿದಳು. ದಂಡೆ ಅಂತ ಹೇಳಿದೆ. ಅಷ್ಟಕ್ಕೆ ಬಿಡಲಿಲ್ಲ. ಹಾಗಾದ್ರೆ ಬ್ಲಡ್ ಬ್ಯಾಂಕ್ ಯಾಕೆ, ವಿಮಾನ ‘ಬ್ಯಾಂಕ್’ ಆಗೋದು ಅಂದ್ರೆ ಏನು ಅಂತ ಶುರು ಮಾಡಿದಳು. ಇಪ್ಪತ್ತು ವರ್ಷದಿಂದ ಬ್ಯಾಂಕಲ್ಲೇ ಕೆಲಸ ಮಾಡುತ್ತಿದ್ದೇನೆ, ಉತ್ತರ ಹೊಳೆಯಲಿಲ್ಲ. ಇದೆಲ್ಲ ಒಂದೇ ಪದವೋ, ಬೇರೆ ಬೇರೆಯೋ?
– ಓದುಗರು, ಉಡುಪಿ

ಉತ್ತರ: ಮೊದಲು ನಮ್ಮದೇ ‘ಕರೆ’ಯನ್ನು ನೋಡಿ. ಫೋನ್ ಕರೆ ಉಂಟು, ಹಾಲು ಕರೆಯುವುದು ಉಂಟು. ಉಚ್ಚಾರ ಒಂದೇ, ಆದರೆ ಇವೆರಡಕ್ಕೆ ಸಂಬಂಧವೇ ಇಲ್ಲ. ಹಳಗನ್ನಡದಲ್ಲಿ ಹಾಲು ಕರೆಯುವ ‘ಕಱೆ’ಗೆ ಬೇರೆಯೇ ರಕಾರ ಇತ್ತು. ಆ ಅಕ್ಷರ ಬಿದ್ದುಹೋಯಿತು, ಎರಡು ಪದ ಒಂದೇ ಥರ ಕಾಣತೊಡಗಿದವು. ಇನ್ನು ಸೀರೆ ಅಂಚಿನ ಕರೆ, ಕಂಬಳದಲ್ಲಿ ಕೋಣ ಓಡುವ ಜೋಡುಕರೆ, ತುಳುವಿನ ‘ಸುದೆ ಕರೆ’ ಬೇರೆಯೇ ಇವೆ. ಸುದೆ ಕರೆ ಅಂದರೆ ನಿಮ್ಮ ಮಗಳ ಪಾಠದ ಬ್ಯಾಂಕೇ, ಹೊಳೆ ದಂಡೆ.

ಇಂಗ್ಲಿಷಿನ ಬ್ಯಾಂಕ್ ಹಾಗಲ್ಲ. ಅದು ಎರಡು ಮೂರು ದಾರಿಯಲ್ಲಿ ಆ ಭಾಷೆಗೆ ಬಂದರೂ ಬುಡ ಒಂದೇ. ಆ ಬುಡದಲ್ಲಿ ಇರುವುದು ಬೆಂಚು!

ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಎಲ್ಲದಕ್ಕೂ ಮೂಲವಾದ ಹಳೇ ಜರ್ಮಾನಿಕ್ ಭಾಷೆಯಲ್ಲಿ ಈ ಪದ ಇತ್ತು. ಇಂಗ್ಲಿಷಿನಲ್ಲಿ ಅದೇ ‘ಬೆಂಚ್’ ಆಗಿ ಉಳಿಯಿತು. ಉತ್ತರದ ಸ್ಕ್ಯಾಂಡಿನೇವಿಯಾದವರ ಬಾಯಲ್ಲಿ ಬೆಂಚಿನ ಹಾಗೆ ಎದ್ದು ನಿಂತ ಮಣ್ಣಿನ ದಿಬ್ಬಕ್ಕೂ ಅದೇ ಹೆಸರಾಯಿತು. ಅಲ್ಲಿಂದ ಇಂಗ್ಲಿಷಿಗೆ ಬಂದದ್ದು ನದಿ ದಂಡೆಯ ಬ್ಯಾಂಕ್. 1200ರ ಹೊತ್ತಿಗೇ ಬಂದಾಗಿತ್ತು. ದಂಡೆ ಇಳಿಜಾರು ತಾನೆ? ವಿಮಾನ ತಿರುಗುವಾಗ ಒಂದು ರೆಕ್ಕೆ ಕೆಳಗೆ ಬಾಗಿ ಹಾಗೆಯೇ ಓರೆಯಾಗುತ್ತದೆ. ಬಜ್ಪೆಯಲ್ಲಿ ಇಳಿಯುವ ಮೊದಲು ಕಿಟಕಿ ಸೀಟಲ್ಲಿ ಕೂತವರಿಗೆ ತೆಂಗಿನ ತೋಟವೇ ಓರೆಯಾದ ಹಾಗೆ ಕಾಣುತ್ತದಲ್ಲ, ಅದೇ ‘ಬ್ಯಾಂಕ್’ ಆಗೋದು.

ದುಡ್ಡಿನ ಬ್ಯಾಂಕ್ ಬಂದದ್ದು ಇಟಲಿಯಿಂದ. ಅಲ್ಲಿ ನಾಣ್ಯ ಬದಲಾಯಿಸಿ ಕೊಡುವವರು ಬೆಂಚು ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದರು. ಇಟಾಲಿಯನ್ನಿನಲ್ಲಿ ಆ ಬೆಂಚು ‘ಬಾಂಕಾ’. ಕೂತ ಬೆಂಚಿನ ಹೆಸರೇ ಕಸುಬಿಗೂ ಆಯಿತು. ನಾವೂ ಅಷ್ಟೆ, ಅಧಿಕಾರಕ್ಕೆ ‘ಕುರ್ಚಿ’ ಅನ್ನುತ್ತೇವೆ, ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ ‘ಪೀಠ’ ಅನ್ನುತ್ತೇವೆ.

ದಿವಾಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ಬ್ಯಾಂಕ್‌ರಪ್ಟ್’ ಕೂಡ ಇಟಲಿಯದ್ದೇ. ‘ಬಾಂಕಾ ರೊತ್ತಾ’, ಅಂದರೆ ಮುರಿದ ಬೆಂಚು. ಸಾಲ ತೀರಿಸದವನ ಬೆಂಚನ್ನು ಜನ ಬಂದು ಒಡೆದು ಹಾಕುತ್ತಿದ್ದರಂತೆ ಅನ್ನುವ ಕಥೆ ವಾಟ್ಸಾಪಲ್ಲಿ ಬರುತ್ತಾ ಇರುತ್ತದೆ. ಕಥೆ ಚಂದ ಉಂಟು. ಆದರೆ ನನ್ನ ಪ್ರಕಾರ ಅದಕ್ಕೆ ಕೊಡಲಿ ಬೇಕಿಲ್ಲ. ‘ಮನೆ ಮುರಿಯಿತು’ ಅಂದರೆ ಯಾರೋ ಗೋಡೆ ಕೆಡವಿದರು ಅಂತಲ್ಲ, ಅಲ್ವಾ?

ಔತಣದ ‘ಬ್ಯಾಂಕ್ವೆಟ್’ ಮೊದಲು ಪುಟ್ಟ ಬೆಂಚು. ಹಳೇ ಹಡಗಿನಲ್ಲಿ ಹುಟ್ಟು ಹಾಕುವವರು ಬೆಂಚಿನಲ್ಲಿ ಸಾಲಾಗಿ ಕೂರುತ್ತಿದ್ದರು. ಹಾಗಾಗಿ ಸ್ವಿಚ್ಚುಗಳ ಸಾಲೂ ‘ಬ್ಯಾಂಕ್’. ಬ್ಲಡ್ ಬ್ಯಾಂಕ್ ತೀರಾ ಹೊಸದು. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಡಾಕ್ಟರ್ ಬರ್ನಾರ್ಡ್ ಫ್ಯಾಂಟಸ್ ಇಟ್ಟ ಹೆಸರು. ಜಮೆ ಮಾಡಿ, ಬೇಕಾದಾಗ ತೆಗೆಯಿರಿ ಅನ್ನುವ ಲೆಕ್ಕ.

ಬ್ಯಾಂಕ್ ನೌಕರರಾದ ನಿಮಗೆ ನಮ್ಮ ಕರಾವಳಿಯ ಕಥೆ ಹೇಳುವುದು ಅಧಿಕಪ್ರಸಂಗ. ಆದರೂ ಮಗಳಿಗೆ ಹೇಳಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದಾಗ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆಗೆ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲ ಸಂಸ್ಥೆ ಕಟ್ಟಿದರು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಿಂದ ಪಿಗ್ಮಿ ಅಂತ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಒಯ್ಯುತ್ತಿತ್ತು. ಬೆಂಚೇ ಮನೆಗೆ ನಡೆದುಕೊಂಡು ಬಂದ ಹಾಗೆ! ಕಾರ್ಪೊರೇಷನ್, ಸಿಂಡಿಕೇಟ್ ಎರಡರ ಬೋರ್ಡೂ 2020ರ ವಿಲೀನದಲ್ಲಿ ಇಳಿಯಿತು. ಪಿಗ್ಮಿ ಅನ್ನುವ ಮಾತು ಇನ್ನೂ ಇದೆ.

ಇಷ್ಟೆಲ್ಲ ಕೇಳಿಯೂ ಮಗಳು ನಂಬದಿದ್ದರೆ ಸಾಕ್ಷಿ ನಿಮ್ಮ ಪಕ್ಕದ ಮನೆಯಲ್ಲೇ ಸಿಗಬಹುದು. ಪೋರ್ಚುಗೀಸಿನಲ್ಲಿ ‘ಬಾಂಕೊ’ ಅಂದರೆ ಇವತ್ತಿಗೂ ಬೆಂಚೂ ಹೌದು, ಬ್ಯಾಂಕೂ ಹೌದು. ಆ ಪದ ನಮ್ಮ ಕೊಂಕಣಿಗೂ ಬಂದಿದೆ. ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಬಾಯಮ್ಮ ಜಗಲಿಯ ಬೆಂಚು ತೋರಿಸಿ ‘ಬಾಂಕಾರ್ ಬಸ್’ ಅನ್ನುತ್ತಿದ್ದರು. ಬೆಂಚಿನ ಮೇಲೆ ಕೂರು ಅಂತ. ನಾನು ಬಸ್ಸು ಬಂತೇನೋ ಅಂತ ರಸ್ತೆ ನೋಡುತ್ತಿದ್ದೆ.