‘ಅರ್ಥ ಆಯ್ತಾ?’ ಅಂತ ಕೇಳಬೇಡಿ

ಪ್ರಶ್ನೆ: ಮಾಷ್ಟ್ರೇ, ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿಗೆ ಗಣಿತ ಕಲಿಸುತ್ತೇನೆ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ‘ಹೂಂ ಟೀಚರ್’ ಅನ್ನುತ್ತಾರೆ, ಪರೀಕ್ಷೆಯಲ್ಲಿ ಮಾತ್ರ ಸೊನ್ನೆ. ಮಕ್ಕಳಿಗೆ ಬೇಕಾದ್ದಾದರೂ ಏನು?
– ಶಿಕ್ಷಕಿ, ಪೆರ್ಲ

ಉತ್ತರ: ಮೊದಲು ಆ ಪ್ರಶ್ನೆ ಬಿಡಿ ಟೀಚರೇ. ಇಡೀ ಕ್ಲಾಸಿನೆದುರು ‘ಇಲ್ಲ’ ಅನ್ನುವ ಧೈರ್ಯ ಯಾರಿಗಿದೆ? ನನ್ನ ಮಕ್ಕಳಿಗೆ ಹಿಡಿಸುತ್ತಿದ್ದದ್ದು, ಹೇಳಿದ್ದನ್ನೇ ಇನ್ನಷ್ಟು ಜೋರಾಗಿ ಹೇಳದೆ ಬೇರೆ ದಾರಿ ಹುಡುಕುವವರು.

13ರ ವರ್ಗ ಕೇಳಿ ನೋಡಿ. ಹತ್ತರದ್ದು 100, ಮೂರರದ್ದು 9, ಒಟ್ಟು 109 ಅನ್ನುವವರು ಇದ್ದೇ ಇರುತ್ತಾರೆ. ಗದರಬೇಡಿ, ಸೂತ್ರವನ್ನೂ ಬರೆಯಬೇಡಿ. ಅಡಿಕೆ ಒಣಗಿಸುವ ಅಂಗಳ ಅಂತ ಬೋರ್ಡಿನಲ್ಲೊಂದು ಚೌಕ ಎಳೆದು, ಉದ್ದ ಅಗಲ ಎರಡನ್ನೂ 10, 3 ಎಂದು ಭಾಗ ಮಾಡಿ. 100, 9 ತುಂಬಿದ ಮೇಲೂ 30ರ ಎರಡು ಪಟ್ಟಿ ಖಾಲಿ ಉಳಿಯುತ್ತವೆ. ಹಿಂದಿನ ಬೆಂಚಿನವನೇ ‘ಓ, 169!’ ಅನ್ನುತ್ತಾನೆ. ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಮರುದಿನಕ್ಕಿರಲಿ.

ತಮಾಷೆ, ಕಥೆ ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು. ಉತ್ತರಪತ್ರಿಕೆಯಲ್ಲಿ ಮಾತ್ರ ಬರೀ ಇಂಟು ಹಾಕಬೇಡಿ. ಲೆಕ್ಕ ಯಾವ ಸಾಲಲ್ಲಿ ತಪ್ಪಿತೋ ಅದಕ್ಕೊಂದು ಸುತ್ತು ಹಾಕಿ ಕೊಡಿ. ಎಸ್ಸೆಸ್ಸೆಲ್ಸಿಯ ಹೆದರಿಕೆ ಮುಂದಿನ ವರ್ಷಕ್ಕಾಯಿತು.